ಮುರಿದ ಕಮಾನು

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವಗಳನ್ನು ಬರೆದು ಕಳುಹಿಸಬೇಕೆಂಬ ಪತ್ರವು ಕೈಸೇರಿದಾಗ, ನಾವು ಅಕ್ಕತಂಗಿಯರಿಬ್ಬರೂ ಬಹಳ ಹೊತ್ತು ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತೆವು. ನಮ್ಮ ಜೊತೆಯಲ್ಲಿ ಓದಿದವರು ವೈದ್ಯೆಯರಾಗಿದ್ದಾರೆ, ಅಧಿಕಾರಿಣಿಯರಾಗಿದ್ದಾರೆ, ಸಮುದ್ರದಾಚೆಗೆ ಹೋಗಿ ನೆಲೆಸಿದ್ದಾರೆ. ಹಿರಿಯವಳು ಮಕ್ಕಳಿಗೆ ಗಣಿತವನ್ನು ಹೇಳಿಕೊಡುತ್ತಲೂ ಕಿರಿಯವಳು ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಲೂ ಇರುವ ನಮ್ಮಂಥವರಲ್ಲಿ ಹತ್ತು ಮಂದಿಯ ಮುಂದೆ ಹೇಳಿಕೊಳ್ಳತಕ್ಕದ್ದೇನಿದೆ? ಕಡೆಗೆ ಕಿರಿಯವಳು, "ಜೀಪಿನ ಸಂಗತಿಯನ್ನೇ ಬರೆಯೋಣ" ಎಂದಳು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಗ್ರೀಸಿನ ವಾಸನೆ ಹೊಡೆದರೆ ವಾಚಕರು ಮೂಗು ಮುರಿಯುವರೋ ಏನೋ ಎಂದು ಹಿರಿಯವಳು ಹಿಂಜರಿದಳು. ಆದರೂ ಬರೆದೇಬಿಟ್ಟಿದ್ದೇವೆ, ಮನ್ನಿಸಬೇಕು.

ನಮ್ಮ ಮನೆಯು ಶಿರಾಳಕೊಪ್ಪದ ಹೊರಗೆ, ಅಡಕೆಯ ತೋಟಕ್ಕೂ ಗದ್ದೆಗೂ ನಡುವೆ ಇದೆ. ಆ ಸೀಮೆಯನ್ನು ಕಾಣದವರಿಗಾಗಿ ಒಂದು ಮಾತು: ಅದು ಪೂರ್ತಿ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಒಂದು ಕಡೆ ಸೊರಬದ ಕಾಡು, ಇನ್ನೊಂದು ಕಡೆ ಹಿರೇಕೆರೂರಿನ ಕಡೆಯ ಬಯಲು. ಸಮೀಪದಲ್ಲಿಯೇ ಬಳ್ಳಿಗಾವೆ, ತಾಳಗುಂದಗಳಿವೆ. ಕೇದಾರೇಶ್ವರನ ಗುಡಿಗೂ ತಾಳಗುಂದದ ಕದಂಬರ ಕಂಬಕ್ಕೂ ಕಲ್ಲನ್ನು ಹೊತ್ತು ತಂದ ಬಂಡಿಗಳಿಗೆ ಕಮಾನು ಎಂಬುದಿದ್ದಿರಲಾರದು. ಅಚ್ಚಿನ ಮೇಲೆಯೇ ಭಾರವೆಲ್ಲವೂ ಕುಳಿತಿರಬೇಕು. ನಮ್ಮ ಬಾಲ್ಯದಲ್ಲಿ ಅಜ್ಜನ ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗಿ ಬಂದ ರಾತ್ರಿ ಬೆನ್ನುಮೂಳೆ ಎಣಿಸುವಂತಾಗುತ್ತಿದ್ದುದು ಇನ್ನೂ ನೆನಪಿದೆ. ಬಂಡಿಗೂ ಮೋಟಾರಿಗೂ ಇರುವ ದೊಡ್ಡ ಅಂತರ ಎಂಜಿನಿನದೆಂದು ಲೋಕವು ತಿಳಿಯುತ್ತದೆ. ನಮ್ಮ ಮಟ್ಟಿಗೆ ಅದು ಅಚ್ಚಿಗೂ ಮೈಗೂ ನಡುವೆ ಬಾಗಿಕೊಂಡಿರುವ ಉಕ್ಕಿನ ಪಟ್ಟಿಗಳ ಅಂತರ. ಆಂಗ್ಲ ದೇಶದ ಒಬಾಡಯ ಎಲಿಯಟ್ ಎಂಬಾತನು ಕುದುರೆ ಸಾರೋಟಿಗೆ ಇಂಥ ಕಮಾನನ್ನು ಅಳವಡಿಸಿ 1804ರಲ್ಲಿ ಹಕ್ಕುಪತ್ರ ಪಡೆದನು. ನಮ್ಮ ಜೀಪಿನ ಅಡಿಯಲ್ಲಿರುವುದು ಅದರ ಮೊಮ್ಮಗನೇ ಸರಿ.

ಜೀಪನ್ನು ನಮ್ಮ ತಂದೆಯವರು ಹಳೆಯದಾಗಿಯೇ ಕೊಂಡಿದ್ದರು. ಅಮೆರಿಕದ ವಿಲ್ಲಿಸ್ ಸಂಸ್ಥೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ತಯಾರಿಸಿದ ಗಾಡಿಯ ಸಂತತಿಯದು; ಸ್ವಾತಂತ್ರ್ಯಾನಂತರ ಮಹೀಂದ್ರದವರು ಅದನ್ನು ನಮ್ಮ ದೇಶದಲ್ಲಿ ಜೋಡಿಸಿ, ಆಮೇಲೆ ಇಲ್ಲಿಯೇ ತಯಾರಿಸಿ ಮಾರಿದರು. ಮುಂದೆ ಒಂದು ಗಟ್ಟಿಯಾದ ಅಚ್ಚು, ಹಿಂದೆ ಒಂದು, ನಾಲ್ಕು ಮೂಲೆಗೆ ನಾಲ್ಕು ಕಮಾನು ಕಟ್ಟು. ಈಗಿನ ಕಾರುಗಳಲ್ಲಿರುವಂತೆ ಒಂದೊಂದು ಚಕ್ರವೂ ಬೇರೆ ಬೇರೆಯಾಗಿ ಕುಣಿಯುವ ನಾಜೂಕು ಅದರಲ್ಲಿಲ್ಲ. ಎಡಚಕ್ರವು ಕಲ್ಲನ್ನು ಹತ್ತಿದರೆ ಬಲಚಕ್ರಕ್ಕೂ ಸುದ್ದಿ ಮುಟ್ಟುತ್ತದೆ. ಹಾಗೆಂದೇ ಮನೆಯಂಗಳದಲ್ಲಿ ಬಿಚ್ಚಿ ಕಟ್ಟುವುದಕ್ಕೆ ಅದು ಒದಗಿತು.

2020ನೆಯ ಇಸವಿಯ ಯುಗಾದಿಗೆ ನಾವಿಬ್ಬರೂ ತೌರಿಗೆ ಬಂದಿದ್ದೆವು. ಹಬ್ಬದ ದಿನವೇ, ಮಾರ್ಚಿ 25ರಂದು, ಸಾಂಕ್ರಾಮಿಕದ ದೆಸೆಯಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ನಾವು ಅಲ್ಲಿಯೇ ಉಳಿದೆವು. ಉಳಿದುದೇ ಒಳ್ಳೆಯದಾಯಿತು, ಏಕೆಂದರೆ ನಮ್ಮ ತಾಯಿಯವರಿಗೆ ಮೂತ್ರಪಿಂಡಗಳು ಸೋತು ಆಗಲೇ ಒಂದು ವರ್ಷವಾಗಿತ್ತು. ಸೋಮವಾರ ಮತ್ತು ಗುರುವಾರ ಅವರನ್ನು ಹತ್ತಿರಹತ್ತಿರ 20 ಕಿಲೋಮೀಟರು ದೂರದ ಶಿಕಾರಿಪುರಕ್ಕೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಾಗಿತ್ತು. ಒಂದು ಸರದಿ ತಪ್ಪಿದರೆ ಕಾಲು ಮುಖಗಳಲ್ಲಿ ನೀರು ತುಂಬಿ ಉಸಿರು ಕಟ್ಟುವುದನ್ನು ಹಿಂದೊಮ್ಮೆ ಕಣ್ಣಾರೆ ಕಂಡಿದ್ದೆವು. ರಸ್ತೆಯಲ್ಲಿ ಓಡಾಡಲು ಕೊಟ್ಟಿದ್ದ ಪರವಾನಗಿಯ ಚೀಟಿಯಲ್ಲಿ ಜೀಪಿನ ಸಂಖ್ಯೆಯನ್ನೇ ಬರೆದಿತ್ತು. ತುರ್ತು ವಾಹನವನ್ನು ಕರೆಯಬಹುದಾಗಿತ್ತು, ನಿಜ. ಆದರೆ ಆ ದಿನಗಳಲ್ಲಿ ಅದು ಯಾರ ಮನೆಯಲ್ಲಿ ಯಾವ ಹೊತ್ತಿಗೆ ಸಿಲುಕಿರುವುದೋ ಹೇಳುವಂತಿರಲಿಲ್ಲ.

ಮಾರ್ಚಿ 30ರ ಸೋಮವಾರ ಸಂಜೆ ತಂದೆಯವರು ತಾಯಿಯವರನ್ನು ಕರೆದುಕೊಂಡು ಹಿಂದಿರುಗುತ್ತಿದ್ದಾಗ, ಮನೆಗೆ ಇನ್ನು ಅರ್ಧ ಮೈಲಿಯಿದೆಯೆನ್ನುವಾಗ, ಜೀಪಿನ ಎಡಗಡೆಯ ಮುಂದಿನ ಚಕ್ರವು ಮೋರಿಯ ಒಡೆದ ಅಂಚಿನಿಂದ ಕೆಳಕ್ಕೆ ಬಿದ್ದಿತು. ತಾಯಿಯವರಿಗೆ ಹಣೆಯ ಮೇಲೊಂದು ಸಣ್ಣ ಗುಬುಟು ಎದ್ದುದನ್ನು ಬಿಟ್ಟರೆ ಗಾಯವಾಗಲಿಲ್ಲ. ಗದ್ದೆಯಲ್ಲಿದ್ದ ನಾಲ್ಕು ಮಂದಿ ಬಂದು ಹಾರೆ ಹಾಕಿ ಎತ್ತಿದರು. ಜೀಪು ಏಡಿಯಂತೆ ಓರೆಯಾಗಿ, ಎಡಕ್ಕೆಳೆಯುತ್ತ, ಚಕ್ರವು ತಗಡಿಗೆ ಉಜ್ಜುತ್ತ, ಅಂತೂ ಮನೆಯನ್ನು ಸೇರಿತು. ತಂದೆಯವರು ಯಾರೊಡನೆಯೂ ಮಾತನಾಡದೆ ಕೈಕಾಲು ತೊಳೆದುಕೊಂಡು ಒಳಕ್ಕೆ ಹೋದರು.

ಬ್ಯಾಟರಿ ದೀಪ ಹಿಡಿದು ಅಡಿಗೆ ನುಗ್ಗಿ ನೋಡಿದವಳು ಕಿರಿಯವಳು. ಎಡಗಡೆಯ ಕಮಾನಿನಲ್ಲಿ ಮೇನ್ ಪಾಟಾ, ಎಂದರೆ ಎರಡು ತುದಿಯಲ್ಲಿಯೂ ಕಿವಿಯುಳ್ಳ ಉದ್ದನೆಯ ಪಟ್ಟಿ, ನಡುವಿನ ತೂತಿನಲ್ಲಿ ಎರಡು ತುಂಡಾಗಿತ್ತು. ಪಟ್ಟಿಗಳನ್ನೆಲ್ಲ ಪೋಣಿಸುವ ಸೆಂಟರ್ ಬೋಲ್ಟು ಕತ್ತರಿಸಿ ಹೋಗಿತ್ತು. ಆ ಬೋಲ್ಟಿನ ತಲೆಯು ಅಚ್ಚಿನ ಪೀಠದ ಒಂದು ಕುಳಿಯಲ್ಲಿ ಕುಳಿತು ಅಚ್ಚನ್ನು ಹಿಂದುಮುಂದಾಗದಂತೆ ಹಿಡಿದಿರತಕ್ಕದ್ದು. ಹಿಡಿತ ತಪ್ಪಿದ್ದರಿಂದ ಅಚ್ಚು ಎಡಗಡೆ ಹಿಂದಕ್ಕೆ ಸರಿದುಬಿಟ್ಟಿತ್ತು. ಹೊಲಿಗೆಯ ಪೆಟ್ಟಿಗೆಯಿಂದ ಟೇಪು ತಂದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಎರಡೂ ಕಡೆ ಅಳೆದೆವು. ಎಡಗಡೆ ಒಂದೂವರೆ ಅಂಗುಲ ಕಡಮೆ ಬಂದಿತು. ಜೀಪು ಎಡಕ್ಕೆಳೆದುದು ಇದಕ್ಕೇ.

ಊರಿನಲ್ಲಿ ವರ್ಕ್‌ಷಾಪುಗಳೆಲ್ಲ ಮುಚ್ಚಿದ್ದುವು. ನಮಗೆ ಪರಿಚಯದ ಮೆಕ್ಯಾನಿಕರು ತಮ್ಮ ಹಳ್ಳಿಯಲ್ಲಿ ಸಿಕ್ಕಿಕೊಂಡಿದ್ದರು. ಅವರು ದೂರವಾಣಿಯಲ್ಲಿ ಹೇಳಿದ ಮೊದಲನೆಯ ಮಾತು, "ಅಮ್ಮಾ, ಅಚ್ಚೇ ಬಾಗಿದ್ದರೆ ಕೈ ಹಚ್ಚಬೇಡಿ" ಎಂದು. ಎರಡನೆಯ ಮಾತು, "ಜಾಕಿಯನ್ನು ನಂಬಿ ಅಡಿಗೆ ಹೋಗಬೇಡಿ" ಎಂದು. ಇವೆರಡನ್ನೂ ನಾವು ಅಡಿಗೆಮನೆಯ ಪಂಚಾಂಗದ ಮೇಲೆ ಬರೆದಿಟ್ಟೆವು. ಅಚ್ಚು ಬಾಗಿದೆಯೆ ಎಂಬುದನ್ನು ದಾರ ಬಿಗಿದು, ಅಲ್ಲಲ್ಲಿ ದಾರಕ್ಕೂ ಅಚ್ಚಿಗೂ ಇರುವ ಅಂತರವನ್ನು ಎಡಬಲಗಳಲ್ಲಿ ಹೋಲಿಸಿ ನೋಡಿದೆವು. ವ್ಯತ್ಯಾಸವಿರಲಿಲ್ಲ. ಚಕ್ರಗಳನ್ನು ಜೋಡಿಸುವ ಟೈ ರಾಡೂ ನೆಟ್ಟಗಿತ್ತು. ಇವುಗಳಲ್ಲಿ ಯಾವುದೊಂದು ಬಾಗಿದ್ದರೂ ನಾವು ಅಲ್ಲಿಗೇ ನಿಲ್ಲಿಸಿ, ತಾಯಿಯವರನ್ನು ಹೊತ್ತುಕೊಂಡಾದರೂ ಹೋಗುತ್ತಿದ್ದೆವು. ಗಾಡಿಯನ್ನು ತಿರುಗಿಸುವ ಅಂಗಗಳನ್ನು ಕಾಯಿಸಿ ಬಡಿದು ನೆಟ್ಟಗೆ ಮಾಡುವವರನ್ನು ಕಂಡಿದ್ದೇವೆ. ಅಂಥವರ ಗಾಡಿಯಲ್ಲಿ ನಾವು ಕುಳಿತುಕೊಳ್ಳುವುದಿಲ್ಲ.

ಮಂಗಳವಾರ ಬೆಳಗ್ಗೆ ತಂದೆಯವರು ಜಗುಲಿಗೆ ಬಂದವರು ನಮ್ಮ ಸನ್ನಾಹವನ್ನು ನೋಡಿ ಕೆರಳಿದರು. "ನಿಮ್ಮನ್ನು ಅಷ್ಟು ದೂರದ ಬೋರ್ಡಿಂಗಿನಲ್ಲಿಟ್ಟು ಓದಿಸಿದ್ದು ಜೀಪಿನ ಅಡಿಯಲ್ಲಿ ಮಲಗುವುದಕ್ಕೋ?" ಎಂದರು. ಮುರಿದ ಪಾಟಾವನ್ನು ಕಮ್ಮಾರರ ಕುಲುಮೆಯಲ್ಲಿ ಬೆಸೆಸಿ ತರುವುದೇ ಸರಿಯೆಂದು ಅವರ ಅಭಿಪ್ರಾಯ. ಬೇಡವೆಂದು ನಾವು, ಬೇಕೆಂದು ಅವರು. ಮನೆಯಲ್ಲಿ ದನಿ ಏರಿತು. ಒಳಗೆ ಮಲಗಿದ್ದ ತಾಯಿಯವರು, "ನನ್ನ ಸಲುವಾಗಿ ಜಗಳವಾಡಬೇಡಿರಪ್ಪಾ, ಒಂದು ಗುರುವಾರ ಹೋಗದಿದ್ದರೆ ಏನಾಗುತ್ತದೆ" ಎಂದರು. ಏನಾಗುತ್ತದೆಂಬುದು ನಮ್ಮೆಲ್ಲರಿಗೂ ತಿಳಿದಿದ್ದುದರಿಂದ ಆ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ವ್ಯಾಜ್ಯವನ್ನು ತೀರಿಸಿದವರು ಕಮ್ಮಾರಜ್ಜನೇ. ತುಂಡುಗಳನ್ನು ಹಿತ್ತಲ ಬೇಲಿಯಾಚೆಯಿಂದಲೇ ನೋಡಿ, "ಗೌಡ್ರೇ, ಇದನ್ನು ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರೀತದೆ. ನಾನು ಇದರಲ್ಲಿ ಕುಡುಗೋಲು ಮಾಡೋನು, ಇದರ ಹದ ನನಗೆ ಗೊತ್ತು" ಎಂದರು. ಅವರ ಮಾತು ಶಾಸ್ತ್ರಕ್ಕೂ ಒಪ್ಪುವಂಥದು. ಕಮಾನಿನ ಉಕ್ಕನ್ನು ಕಾರ್ಖಾನೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಿ, ಮತ್ತೆ ಮಂದವಾದ ಕಾವಿನಲ್ಲಿಟ್ಟು ಹದಕ್ಕೆ ತಂದಿರುತ್ತಾರೆ. ಬಾಗಿದರೂ ಮುರಿಯದೆ ಮತ್ತೆ ನೆಟ್ಟಗಾಗುವ ಗುಣ ಬರುವುದು ಹೀಗೆ. ಬೆಸೆಯುವ ಬೆಂಕಿಯು ಆ ಹದವನ್ನು ಕೆಡಿಸಿ, ಒಂದು ಕಡೆ ಮೆತ್ತಗೂ ಅದರ ಮಗ್ಗುಲಲ್ಲಿ ಗಾಜಿನಂತೆ ಪೆಡಸಾಗಿಯೂ ಮಾಡಿಬಿಡುತ್ತದೆ. ಹಳ್ಳಿಗಳಲ್ಲಿ ಮೋಟಾರಿನ ಹಳೆಯ ಪಾಟಾಗಳಿಂದ ಕುಡುಗೋಲು ಮಚ್ಚುಗಳನ್ನು ಮಾಡುವುದು ಎಲ್ಲರೂ ಬಲ್ಲ ಸಂಗತಿ. ಅಜ್ಜನ ಮಾತಿಗೆ ತಂದೆಯವರು ಎದುರಾಡಲಿಲ್ಲ.

ಬದಲಿ ಪಾಟಾ ಎಲ್ಲಿಯದು? ಇಲ್ಲಿ ತಂದೆಯವರ ಇನ್ನೊಂದು ಗುಣವು ನಮಗೆ ನೆರವಾಯಿತು. ಅವರು ಯಾವುದನ್ನೂ ಬಿಸಾಡುವವರಲ್ಲ. ಕೊಟ್ಟಿಗೆಯ ಅಟ್ಟದ ಮೇಲೆ, ಗುಜರಿಗೆ ಹೋದ ಇನ್ನೊಂದು ಜೀಪಿನ ಒಂದು ಕಮಾನು ಕಟ್ಟು, ಯು ಬೋಲ್ಟುಗಳು, ಒಂದು ಡಬ್ಬಿಯ ತುಂಬ ಬೂಷುಗಳು ಇದ್ದುವು. ಎಷ್ಟೋ ದೀಪಾವಳಿಗಳಲ್ಲಿ ಅವನ್ನು ಹೊರಗೆಸೆಯಬೇಕೆಂದು ನಾವು ವಾದಿಸಿದ್ದುದನ್ನು ಈಗ ಯಾರೂ ಜ್ಞಾಪಿಸಿಕೊಡಲಿಲ್ಲ. ಆದರೆ ಹಳೆಯ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ? ಇದಕ್ಕೆ ಮೆಕ್ಯಾನಿಕರು ಹೇಳಿಕೊಟ್ಟ ಉಪಾಯವು ನಮ್ಮ ಶಾಲೆಯ ಕರಿಹಲಗೆಯನ್ನು ನೆನಪಿಗೆ ತಂದಿತು. ಪಾಟಾವನ್ನು ಚೆನ್ನಾಗಿ ಉಜ್ಜಿ, ಸೀಮೆಎಣ್ಣೆಯನ್ನು ಧಾರಾಳವಾಗಿ ಬಳಿದು ಅರ್ಧ ಗಂಟೆ ಬಿಟ್ಟು, ಬಟ್ಟೆಯಿಂದ ಪೂರ್ತಿ ಒರಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಹಚ್ಚಬೇಕು. ಬಿರುಕಿದ್ದರೆ ಅದರೊಳಗೆ ಹೊಕ್ಕ ಎಣ್ಣೆಯು ಮೆಲ್ಲಗೆ ಮೇಲೆ ಬಂದು ಬಿಳಿಯ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಕಟ್ಟಿನ ಮೂರನೆಯ ಪಟ್ಟಿಯಲ್ಲಿ ಅಂಥ ಗೆರೆ ಮೂಡಿಯೇ ಮೂಡಿತು. ಅದನ್ನು ಅಜ್ಜನ ಪಾಲಿಗಿಟ್ಟೆವು. ಮೇನ್ ಪಾಟಾ ನಿರ್ದೋಷಿಯಾಗಿತ್ತು.

ಜೀಪನ್ನು ಕಣದ ಗಟ್ಟಿ ನೆಲಕ್ಕೆ ತಳ್ಳಿ, ಹಿಂದಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದೆತ್ತಿ, ಚಾಸಿಯ ಎರಡೂ ದೂಲಗಳ ಅಡಿಗೆ ಹಲಸಿನ ದಿಮ್ಮಿಗಳನ್ನು ಇಟ್ಟೆವು. ಅಚ್ಚಿಗೆ ಬೇರೆ ಆಸರೆ ಕೊಟ್ಟೆವು. ಹಾಗೆ ಕೊಡದಿದ್ದರೆ ಅಚ್ಚು ಜೋತುಬಿದ್ದು ಬ್ರೇಕಿನ ರಬ್ಬರು ಕೊಳವೆಯು ಹಿಗ್ಗಿ ಹರಿಯುವ ಅಪಾಯವುಂಟು. ಹಿಂದಿನ ರಾತ್ರಿಯೇ ಡೀಸೆಲಿನಲ್ಲಿ ನೆನೆಸಿದ್ದ ಯು ಬೋಲ್ಟುಗಳ ನಟ್ಟುಗಳು, ಪಾನಾದ ಹಿಡಿಗೆ ನೀರಾವರಿಯ ಕಬ್ಬಿಣದ ಕೊಳವೆಯೊಂದನ್ನು ತೊಡಿಸಿ ಇಬ್ಬರೂ ಜೋತುಬಿದ್ದ ಮೇಲೆ, ಕಿರ್ರೆಂದು ಸಡಿಲಿದವು. ಅಲ್ಲಿಗೆ ನಮ್ಮ ಅಹಂಕಾರವು ಒಂದು ಮೊಳ ಬೆಳೆಯಿತು.

ಅದನ್ನು ಇಳಿಸಲು ಶಾಕಲ್ ಕಾದಿತ್ತು. ಕಮಾನಿನ ಒಂದು ತುದಿಯು ಚಾಸಿಗೆ ನೇರವಾಗಿ ಬಿಗಿದಿರುತ್ತದೆ. ಇನ್ನೊಂದು ತುದಿಯು ಶಾಕಲ್ಲೆಂಬ ತೂಗುಬಳೆಯಲ್ಲಿ ನೇತಾಡುತ್ತದೆ. ಭಾರ ಬಿದ್ದಾಗ ಬಾಗಿದ ಕಮಾನು ನೆಟ್ಟಗಾಗಿ ಉದ್ದವಾಗುವುದಷ್ಟೆ. ಆ ಹೆಚ್ಚಿನ ಉದ್ದಕ್ಕೆ ಎಡೆಗೊಡುವುದು ಈ ಬಳೆಯ ಕೆಲಸ. ನಮ್ಮ ಜೀಪಿನಲ್ಲಿ ಅದರ ಎರಡು ಕಾಲುಗಳಿಗೂ ತಿರುಪಿನ ಬೂಷುಗಳಿವೆ. ಕೆಳಗಣದು ಬಂದಿತು. ಮೇಲಣದು ಜಗ್ಗಲಿಲ್ಲ. ಕೊಳವೆ ಹಾಕಿದೆವು, ಡೀಸೆಲು ಹೊಯ್ದೆವು, ಸುತ್ತಿಗೆಯಿಂದ ಬಡಿದೆವು. ಒಂದೂವರೆ ಗಂಟೆಯಾಯಿತು. ಹಿರಿಯವಳ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆಯಿತು. ಕಿರಿಯವಳು ಬಿಸಿಲಿನಲ್ಲಿ ಕುಳಿತು ಅತ್ತೇಬಿಟ್ಟಳು. ಇದನ್ನು ಬರೆಯಬೇಡವೆಂದು ಅವಳೂ ಹೇಳಲಿಲ್ಲ.

ಆಗ ಜಗುಲಿಯ ಮೇಲಿನಿಂದ, ಬೆಳಗಿನಿಂದ ಮಾತಿಲ್ಲದೆ ಕುಳಿತಿದ್ದ ತಂದೆಯವರು, "ಎಡಗಡೆ ಮುಂದಿನದಕ್ಕೆ ಮೇಲೆ ಎಡತಿರುಪು. ನೀವು ಬಿಗಿ ಮಾಡುತ್ತಿದ್ದೀರಿ" ಎಂದರು.

ಹೌದು. ಆ ಜೀಪುಗಳಲ್ಲಿ ಎಡಗಡೆಯ ಮುಂದಿನ ಶಾಕಲ್ಲಿನ ಚಾಸಿಯ ಕಡೆಯ ಕಾಲಿಗೆ ಮಾತ್ರ ಎಲ್ಲ ಲೋಕಕ್ಕೂ ವಿರುದ್ಧವಾದ ತಿರುಪು. ಹಿಂದುಗಡೆ ಬಲಗಡೆಯದಕ್ಕೂ ಹಾಗೆಯೇ. ಗುರುತಿಗಾಗಿ ಶಾಕಲ್ಲಿನ ಮೇಲೊಂದು ಸಣ್ಣ ಉಬ್ಬನ್ನು ಬಿಟ್ಟಿರುತ್ತಾರೆ. ಕೈಯಿಂದ ತಡವಿದರೆ ಸಿಕ್ಕುತ್ತಿತ್ತು, ನಾವು ತಡವಿರಲಿಲ್ಲ. ಪಾನಾವನ್ನು ಆಚೆಗೆ ತಿರುಗಿಸಿದೆವು. ನಾಲ್ಕು ಸಲ ಜಗ್ಗಿದ ಮೇಲೆ ಬೂಷು ಬಿಟ್ಟುಕೊಟ್ಟಿತು.

"ಬೆಳಗ್ಗೆಯೇ ಹೇಳಬಾರದಾಗಿತ್ತೇ ಅಪ್ಪಾಜಿ?" ಎಂದು ಹಿರಿಯವಳು ಸಿಟ್ಟಿನಿಂದಲೇ ಕೇಳಿದಳು.

ತಂದೆಯವರು ಇಳಿದು ಬಂದು ದಿಮ್ಮಿಯ ಮೇಲೆ ಕುಳಿತರು. ಬಹಳ ಹೊತ್ತಿನ ಮೇಲೆ, "ಮೋರಿ ನನಗೆ ಕಾಣಲಿಲ್ಲವೇ" ಎಂದರು. "ದೀಪ ಹಾಕಿದ್ದೆ. ಆದರೂ ಕಾಣಲಿಲ್ಲ. ಎದುರಿಗೆಲ್ಲ ಮಂಜು ಕವಿದ ಹಾಗಿತ್ತು. ಆರು ತಿಂಗಳಿಂದ ಹೀಗೇ ಇದೆ."

ಆರು ತಿಂಗಳಿಂದ, ವಾರಕ್ಕೆರಡು ಸಲ, ಆ ಕಣ್ಣುಗಳಲ್ಲಿಯೇ ಅವರು ತಾಯಿಯವರನ್ನು ಸಂಜೆಗತ್ತಲಲ್ಲಿ ಕರೆತರುತ್ತಿದ್ದರು. ಹೇಳಿದರೆ ಮಕ್ಕಳು ಜೀಪನ್ನು ಕಿತ್ತುಕೊಳ್ಳುವರೆಂಬ ಹೆದರಿಕೆ. ಹೇಳಿದ್ದರೆ ಕಿತ್ತುಕೊಳ್ಳುತ್ತಿದ್ದೆವೆಂಬುದೂ ಸುಳ್ಳಲ್ಲ. ನಾವು ಹಬ್ಬಕ್ಕೆ ಬಂದು ಹೋಗುವ ಮಕ್ಕಳು. ಬೀಗದ ಕೈಯನ್ನು ಕಿತ್ತುಕೊಂಡ ಮೇಲೆ ಸೋಮವಾರ ಗುರುವಾರಗಳಲ್ಲಿ ಜೀಪು ನಡೆಸುವವರು ಯಾರೆಂದು ಅವರು ಕೇಳಿದ್ದರೆ ನಮ್ಮಲ್ಲಿ ಉತ್ತರವಿರುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಮಗೆ ತಿಳಿದುದಿಷ್ಟು: ಅವರ ಬೆಳಗಿನ ಕೋಪವು ನಮ್ಮ ಮೇಲಿನದಾಗಿರಲಿಲ್ಲ. ಕಿರಿಯವಳು ಕೈ ತೊಳೆದುಕೊಂಡು ಅವರಿಗೆ ಮಜ್ಜಿಗೆ ತಂದುಕೊಟ್ಟಳು. ಆಮೇಲೆ ಅವರು ದಿಮ್ಮಿಯನ್ನು ಬಿಟ್ಟೇಳಲಿಲ್ಲ. ಕಣ್ಣಿಗೆ ಕಾಣದಿದ್ದುದನ್ನು ಬೆರಳಿನಿಂದ ನೋಡಿ ಹೇಳತೊಡಗಿದರು.

ಬುಧವಾರದ ಕೆಲಸವು ಸುಸೂತ್ರವಾಯಿತು, ಉದ್ದವಾಗಿ ಬರೆಯುವುದಿಲ್ಲ. ಪಟ್ಟಿಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ನಡುನಡುವೆ ಗ್ರೀಸು ಬಳಿದು, ಉದ್ದದಿಂದ ಗಿಡ್ಡಕ್ಕೆ ಒಂದರ ಮೇಲೊಂದು ಪೇರಿಸಿ, ಬಡಗಿಯವರಿಂದ ತಂದ ಎರಡು ಕ್ಲಾಂಪುಗಳಲ್ಲಿ ಹಿಂಡಿ ಹೊಸ ಸೆಂಟರ್ ಬೋಲ್ಟನ್ನು ಪೋಣಿಸಿದೆವು. ಕ್ಲಾಂಪಿಲ್ಲದೆ ಬರಿಯ ಬೋಲ್ಟಿನಿಂದಲೇ ಹಿಂಡಲು ಹೋಗಬಾರದು. ಬೋಲ್ಟು ಜಾರಿದರೆ ಪಟ್ಟಿಗಳು ಹಲ್ಲು ಉದುರಿಸುವಂತೆ ಚಿಮ್ಮುತ್ತವೆ. ಒಂದೊಂದು ಪಟ್ಟಿಯ ಬಾಗು ಒಂದೊಂದು ಬಗೆಯಾಗಿದ್ದುದನ್ನು ಕಂಡಾಗ ನಮ್ಮ ವಿಜ್ಞಾನದ ಮಿಸ್ಸಮ್ಮನವರು ಸ್ಪ್ರಿಂಗ್ ತಕ್ಕಡಿಗೆ ತೂಕದ ಬಟ್ಟುಗಳನ್ನು ತೂಗುಹಾಕಿ, ಭಾರವೆಷ್ಟೋ ಹಿಗ್ಗು ಅಷ್ಟು ಎಂದು ತೋರಿಸಿದ್ದು ನೆನಪಾಯಿತು. ರಾಬರ್ಟ್ ಹುಕ್ಕನು ಆ ನಿಯಮವನ್ನು 1678ರಲ್ಲಿ ಪ್ರಕಟಿಸಿದನೆಂಬುದನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಅದರ ಎಲ್ಲೆಯನ್ನು ಮೀರಿದರೆ ಏನಾಗುವುದೆಂಬುದು ಅಂಗಳದಲ್ಲಿ ಎರಡು ತುಂಡಾಗಿ ಬಿದ್ದಿತ್ತು.

ಸೆಂಟರ್ ಬೋಲ್ಟಿನ ತಲೆಯು ಅಚ್ಚಿನ ಕುಳಿಯಲ್ಲಿ ಕುಳಿತ ಸದ್ದು ತಂದೆಯವರಿಗೇ ಮೊದಲು ಕೇಳಿಸಿತು. "ಕೂತಿತು" ಎಂದರು. ಯು ಬೋಲ್ಟುಗಳ ನಾಲ್ಕು ನಟ್ಟುಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿದೆವು. ಜೀಪನ್ನು ನೆಲಕ್ಕಿಳಿಸಿ ಅದರ ಭಾರವು ಕಮಾನಿನ ಮೇಲೆ ಬಿದ್ದ ಬಳಿಕ ಇನ್ನೊಂದು ಸುತ್ತು ಬಿಗಿದೆವು. ಟೇಪು ಹಿಡಿದರೆ ಎಡಕ್ಕೂ ಬಲಕ್ಕೂ ಅಳತೆ ಒಂದೇ. ಮುಂದಿನ ಚಕ್ರಗಳ ರಬ್ಬರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಮುಂಭಾಗದಲ್ಲಿ ಅಳೆದು, ಗಾಡಿಯನ್ನು ಅರ್ಧ ಸುತ್ತು ಉರುಳಿಸಿ ಅದೇ ಗೆರೆಗಳನ್ನು ಹಿಂಭಾಗದಲ್ಲಿ ಅಳೆದೆವು. ಮುಂಭಾಗದಲ್ಲಿ 2 ಮಿಲಿಮೀಟರು ಕಡಮೆಯಿತ್ತು. ಓಡುವಾಗ ಚಕ್ರಗಳು ನೆಟ್ಟಗೆ ನಿಲ್ಲಬೇಕಾದರೆ ಅಷ್ಟು ಒಳಮೊಗವಾಗಿರಬೇಕಾದುದೇ ಸರಿ.

ಬುಧವಾರ ಸಂಜೆ ಹಿರಿಯವಳು ಒಬ್ಬಳೇ ಜೀಪನ್ನು ತೋಟದ ದಾರಿಯಲ್ಲಿ ಮೂರು ಸಲ ಓಡಿಸಿದಳು. ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಸ್ವಲ್ಪ ಜೋರಾಗಿ, ಮೂರನೆಯ ಸಲ ಬ್ರೇಕು ಒತ್ತಿ ನಿಲ್ಲಿಸಿ. ತಾಯಿಯವರನ್ನು ಕೂರಿಸುವುದಕ್ಕೆ ಮುಂಚೆ ನಮ್ಮನ್ನು ನಾವೇ ಕೂರಿಸಿ ನೋಡಬೇಕೆಂದು ಗೊತ್ತು ಮಾಡಿಕೊಂಡಿದ್ದೆವು. ಜೀಪು ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ.

ಏಪ್ರಿಲ್ 2ರ ಗುರುವಾರ ಬೆಳಗ್ಗೆ ಹಿರಿಯವಳು ಚಕ್ರ ಹಿಡಿದಳು. ತಾಯಿಯವರು ಪಕ್ಕದಲ್ಲಿ, ಹಿಂದೆ ಕಿರಿಯವಳೂ ತಂದೆಯವರೂ, ಅವರ ತೊಡೆಯ ಮೇಲೆ ಪಾನಾಗಳ ಚೀಲ. ತಪಾಸಣೆಯ ಕಟ್ಟೆಯಲ್ಲಿ ಪೋಲೀಸಿನವರು ಚೀಟಿಯನ್ನು ನೋಡಿ, ಹಿರಿಯವಳ ಉಗುರಿನ ಸಂದಿನ ಕಪ್ಪನ್ನು ನೋಡಿ, ಏನೂ ಕೇಳದೆ ಬಿಟ್ಟರು. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪ್ರತಿಯೊಂದು ಗುಂಡಿ ಬಂದಾಗಲೂ ನಾವು ನಾಲ್ವರೂ ಉಸಿರು ಹಿಡಿಯುತ್ತಿದ್ದೆವು. ಆಸ್ಪತ್ರೆಯ ಮುಂದೆ ಇಳಿಯುವಾಗ ತಾಯಿಯವರು, "ಮೊದಲಿಗಿಂತ ಮೆತ್ತಗಿದೆಯಲ್ಲೇ" ಎಂದರು. ನಡುವೆ ಗ್ರೀಸು ಬಳಿದುದರ ಫಲವದು. ನಾವು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆವು. ಅವರನ್ನು ಒಳಗೆ ಮಲಗಿಸಿದ ಮೇಲೆ ತಂದೆಯವರು ಹೊರಗೆ ಬಂದು ಜೀಪಿನ ಅಡಿಗೆ ಕೈಯಿಕ್ಕಿ ನಾಲ್ಕು ನಟ್ಟುಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

ಯು ಬೋಲ್ಟುಗಳು ಮೊದಲ ಓಟದಲ್ಲಿ ಸ್ವಲ್ಪ ಸಡಿಲುವುದು ಸಹಜ; ಎರಡು ಸಲ ಶಿಕಾರಿಪುರಕ್ಕೆ ಹೋಗಿ ಬಂದ ಮೇಲೆ ಮತ್ತೆ ಬಿಗಿದೆವು, ಒಂದೊಂದೂ ಕಾಲು ಸುತ್ತು ಹಿಡಿಯಿತು. ಅಂಗಡಿಗಳು ತೆರೆದ ಬಳಿಕ ಮೆಕ್ಯಾನಿಕರಿಗೆ ತೋರಿಸಿದಾಗ, ಪಟ್ಟಿಗಳನ್ನು ಬಳಸಿ ಹಿಡಿಯುವ ಕೊಂಡಿಯೊಂದನ್ನು ನಾವು ಅತಿಯಾಗಿ ಬಡಿದು ಬಿಗಿಮಾಡಿದ್ದುದನ್ನು ತಪ್ಪೆಂದು ಹೇಳಿ ಸಡಿಲಿಸಿದರು. ಉಳಿದುದಕ್ಕೆ ಕೈ ಹಚ್ಚಲಿಲ್ಲ. ಆ ವರ್ಷದ ಕಡೆಯಲ್ಲಿ ತಂದೆಯವರ ಎರಡು ಕಣ್ಣುಗಳ ಪೊರೆಯನ್ನೂ ತೆಗೆಸಿದೆವು. ಅಲ್ಲಿಯವರೆಗೆ ಹಿರಿಯವಳು ಮನೆಯಿಂದಲೇ ಪಾಠ ಹೇಳುತ್ತ, ವಾರಕ್ಕೆರಡು ಸಲ ಜೀಪು ನಡೆಸುತ್ತ ತೌರಿನಲ್ಲಿಯೇ ಉಳಿದಳು.

ತಾಯಿಯವರು 2022ರ ಮಳೆಗಾಲದಲ್ಲಿ ತೀರಿಕೊಂಡರು. ಅದುವರೆಗೆ ಒಂದು ಸರದಿಯೂ ಜೀಪಿನಿಂದಾಗಿ ತಪ್ಪಲಿಲ್ಲ. ಮುರಿದ ಪಾಟಾದ ತುಂಡುಗಳನ್ನು ಕಮ್ಮಾರಜ್ಜನವರು ಅಂದೇ ಒಯ್ದಿದ್ದರು. ಅದರಲ್ಲೊಂದು ಕುಡುಗೋಲು ಮಾಡಿ, ಕೂಲಿ ಬೇಡವೆಂದು ತಾಯಿಯವರ ಕೈಗೆ ಕೊಟ್ಟು ಹೋಗಿದ್ದರು. ಅದು ಈಗಲೂ ಕೊಟ್ಟಿಗೆಯ ಗೂಟದಲ್ಲಿದೆ. ತಂದೆಯವರು ದಿನವೂ ಬೆಳಗ್ಗೆ ಹಸುವಿಗೆ ಹುಲ್ಲು ಕೊಯ್ಯುವುದು ಅದರಿಂದಲೇ.